ಒತ್ತಕ್ಷರಗಳು ಆಗಲೇ ಬಂದಿದ್ದವು

ಸವಿತಾ ಮೇಡಂ, ನಾನು ನಿಮಗೆ ಸುಳ್ಳು ಹೇಳಿದೆ. ಒಂದು ಸಲವಲ್ಲ—ಆ ಮಳೆಗಾಲದ ಉದ್ದಕ್ಕೂ, ಪ್ರತಿ ಭಾನುವಾರ. ನಿಮ್ಮ ಕೆಲಸ ಆಗಿತ್ತು. ನಾನು ಆಗಿಲ್ಲ ಎಂದೆ.

ಹೊನ್ನಾಳಿಯ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ನೀವು ಮೊದಲ ಸಲ ಬಂದಾಗ ಕೆಟ್ಟುಹೋದ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿ ಹಿಡಿದಿದ್ದಿರಿ. ನಿಮ್ಮ ತಂದೆ ಸೋಮ್ಲಾನಾಯ್ಕ ಮೇಷ್ಟ್ರು ಸೂರಗೊಂಡನಕೊಪ್ಪದ ಸುತ್ತಲಿನ ತಾಂಡಾಗಳನ್ನೆಲ್ಲ ಅಲೆದು ಕೂಡಿಸಿದ ಲಂಬಾಣಿ ಪದಕೋಶ ಅದರೊಳಗಿತ್ತು—ಕನ್ನಡ ಲಿಪಿಯಲ್ಲಿ, ಕನ್ನಡ ಅರ್ಥದೊಂದಿಗೆ. ಶಾಲೆ ಮುಗಿಸಿ ಬಂದು ಸಂಜೆಸಂಜೆ ಕೂತು ಅದನ್ನು ಟೈಪು ಮಾಡಿದವರು ನೀವು. ಆದರೆ ನೀವು ಬಳಸಿದ್ದ ಹಳೆಯ ಕನ್ನಡ ತಂತ್ರಾಂಶ ಹೊಸ ವಿಂಡೋಸಿನಲ್ಲಿ ಏಳುತ್ತಲೇ ಇರಲಿಲ್ಲ, ಅದಿಲ್ಲದೆ ಆ ಕಡತಗಳು ತೆರೆಯುತ್ತಿರಲಿಲ್ಲ. "ದಾವಣಗೆರೆಗೂ ಹೋಗಿ ಬಂದೆ ರೀ. ಎಲ್ಲಾ ಮತ್ತೆ ಟೈಪು ಮಾಡ್ರಿ ಅಂತಾರೆ" ಎಂದಿರಿ.

ನಾನು ಒಳಗೊಳಗೇ ಬೀಗಿದೆ. ನಾನೂ, ಮುಖ ಕಾಣದ ಬೇರೆ ಬೇರೆ ಊರುಗಳ ಗೆಳೆಯರೂ ಸೇರಿ ಆಗ ಕಟ್ಟುತ್ತಿದ್ದದ್ದೇ ಅಂಥದ್ದು—ವಿಂಡೋಸಿಗೆಂದು ಬರೆದ ತಂತ್ರಾಂಶವನ್ನು ಲಿನಕ್ಸ್ ಎಂಬ ಬೇರೆ ವ್ಯವಸ್ಥೆಯಲ್ಲಿ ಓಡಿಸುವ ಸಲಕರಣೆ. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ಒಳಗಿನ ಬರವಣಿಗೆಯನ್ನು ಬಿಚ್ಚಿ ನೋಡಬಹುದು, ತಿದ್ದಬಹುದು. ವಿದ್ಯೆಯನ್ನು ಮುಚ್ಚಿಡುವುದು ಪಾಪ ಎಂದು ಅಂಗಡಿಗೆ ಬಂದವರಿಗೆಲ್ಲ ಕೊರೆಯುತ್ತಿದ್ದೆ. ನಿಮಗೂ ಕೊರೆದೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ!

ನಮ್ಮ ಸಲಕರಣೆಯಲ್ಲಿ ನಿಮ್ಮ ಹಳೆಯ ತಂತ್ರಾಂಶ ಎದ್ದು ಕೂತಾಗ ನೀವು ಚಪ್ಪಾಳೆ ತಟ್ಟಿದ್ದು ನೆನಪಿದೆಯೇ? ಪದಗಳೆಲ್ಲ ಪರದೆಯ ಮೇಲೆ ಬಂದವು. ಕಾಗದಕ್ಕೆ ಇಳಿಸಿದರೆ ಮಾತ್ರ ಒತ್ತಕ್ಷರಗಳು ತಮ್ಮ ಅಕ್ಷರ ಬಿಟ್ಟು ಅಂಚಿಗೆ ಹೋಗಿ ಗುಂಪುಗೂಡುತ್ತಿದ್ದವು. ಆ ದೋಷವನ್ನು ನಮ್ಮ ಯೋಜನೆಯ ಅಂತರ್ಜಾಲ ಪುಟದಲ್ಲಿ ದಾಖಲಿಸಿ, "ಇದನ್ನು ನಾನು ನೋಡಿಕೊಳ್ಳುತ್ತೇನೆ" ಎಂದು ಬರೆದೆ. ನಮ್ಮಲ್ಲಿ ಒಬ್ಬರು ಹಾಗೆ ವಹಿಸಿಕೊಂಡರೆ ಉಳಿದವರು ಅದಕ್ಕೆ ಕೈ ಹಾಕುವುದಿಲ್ಲ—ಅದು ಮರ್ಯಾದೆ. ಆ ಮರ್ಯಾದೆಯೇ ಮುಂದೆ ನನಗೆ ಬೇಲಿಯಾಯಿತು.

ಆಮೇಲೆ ಭಾನುವಾರಗಳು. ಬಸ್ಸಿಳಿದು ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದಿರಿ. ಬಾಗಿಲಲ್ಲೇ ನಿಂತು, "ಏನ್ರಿ ಚಂದ್ರು, ನಮ್ಮ ಒತ್ತಕ್ಷರ ಮನಿಗೆ ಬಂದ್ವೋ, ಇನ್ನೂ ಊರು ತಿರುಗಾಕೆ ಹತ್ಯಾವೋ?" ಎಂದು ಕೇಳುತ್ತಿದ್ದಿರಿ. ಒಂದು ಪುಟ ಮುದ್ರಿಸಿ ಇಬ್ಬರೂ ನಗುತ್ತಿದ್ದೆವು. ನೀವು ಒಂದೊಂದು ಲಂಬಾಣಿ ಮಾತು ಹೇಳಿಕೊಡುತ್ತಿದ್ದಿರಿ, ನಾನು ಅಂದದ್ದನ್ನು ಕೇಳಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಿರಿ. ಸೋಮವಾರ ಅಂಗಡಿಯ ಬಾಗಿಲು ತೆಗೆದರೆ ಮಿರ್ಚಿಯ ವಾಸನೆ ಇನ್ನೂ ಇರುತ್ತಿತ್ತು. ನಲವತ್ತರ ಹತ್ತಿರ ಬಂದ ಗಂಡಸು ನಾನು, ಆ ವಾಸನೆ ಹೋದೀತೆಂದು ಕಿಟಕಿ ತೆರೆಯದೆ ಕೂತಿದ್ದೆ ಎಂದರೆ—ನಗಬೇಡಿ. ಅಥವಾ ನಗಿ. ನಿಮ್ಮ ನಗು ಕೇಳಿ ಎಷ್ಟು ದಿನವಾಯಿತು!

ಒಂದು ಭಾನುವಾರ ಮೇಷ್ಟ್ರೂ ಜೊತೆಗೆ ಬಂದರು. ಮುದ್ರಿಸಿದ ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಮೂಗಿನ ತುದಿಗೆ ತಂದು, ಬಹಳ ಹೊತ್ತು ನೋಡಿದರು. "ಪರದೆ ಬೆಳಕು ನನ್ನ ಕಣ್ಣು ತಡೆಯಲ್ಲ. ಕಾಗದದ ಮೇಲೆ ಒತ್ತು ಒಂದು ಸರಿ ಬಂದ್ರೆ ಸಾಕಪ್ಪ, ಉಳಿದಿದ್ದು ನಾನು ತಿದ್ಕಂತೀನಿ. ನರಕ್ಕೆ ಪೆಟ್ಟು ಬಿದ್ದೈತಂತೆ, ಹೋದ ಕಣ್ಣು ತಿರುಗಿ ಬರಲ್ಲ ಅಂದಾರೆ ಡಾಕ್ಟ್ರು. ಇರೋ ಕಣ್ಣು ಇದ್ದಾಗ್ಲೇ ಮುಗಿಸ್ಬೇಕು" ಎಂದರು. ನನಗೆ ಗೊತ್ತಿತ್ತು, ಮೇಡಂ. ಗೊತ್ತಿರಲಿಲ್ಲ ಎಂದು ನಾನು ಎಂದೂ ಹೇಳಲಾರೆ.

ಅದಾದ ಕೆಲವೇ ದಿನಗಳಲ್ಲಿ, ಒಂದು ಬುಧವಾರ ಮಧ್ಯಾಹ್ನ, ದೋಷ ಸಿಕ್ಕಿತು. ಅಕ್ಷರದ ಕೆಳಗೆ ಎಷ್ಟು ಜಾಗ ಬಿಡಬೇಕೆಂದು ನಿಮ್ಮ ಹಳೆಯ ತಂತ್ರಾಂಶ ಕೇಳುತ್ತಿತ್ತು, ನಮ್ಮ ಸಲಕರಣೆ ತಪ್ಪು ಅಳತೆ ಹೇಳುತ್ತಿತ್ತು. ಅಷ್ಟೇ. ತಿದ್ದಿ ಮುದ್ರಿಸಿದೆ. ಒಂದೊಂದು ಒತ್ತಕ್ಷರವೂ ತನ್ನ ಜಾಗದಲ್ಲಿ ಬಂದು ಕೂತಿತ್ತು. ನಿಮಗೆ ಹೇಳಲು ಫೋನು ಕೈಗೆತ್ತಿಕೊಂಡೆ... ಕೆಳಗಿಟ್ಟೆ. ಭಾನುವಾರ ಎದುರಿಗೇ ಹೇಳೋಣ, ಮುಖ ನೋಡೋಣ ಎಂದುಕೊಂಡೆ.

ಭಾನುವಾರ ನೀವು ಬಂದಿರಿ. ಮಳೆಗೆ ನೆನೆದ ಕೊಡೆಯನ್ನು ಮೂಲೆಗಿಟ್ಟು ತಿರುಗಿ, "ಆತೇನ್ರಿ?" ಎಂದಿರಿ. ಆಯಿತು ಎಂದರೆ ಮುಂದಿನ ಭಾನುವಾರ ಇಲ್ಲ. ಅಷ್ಟೇ ಹೊಳೆದದ್ದು.

"ಇಲ್ಲ ಮೇಡಂ, ಇನ್ನೂ ಆಗಿಲ್ಲ. ಮುಂದಿನ ವಾರ ಬರ್ರಿ."

ಎಷ್ಟು ಸಲೀಸಾಗಿ ಬಂತು ಆ ಮಾತು! ಒಂದೇ ವಾರ ಎಂದು ನನಗೆ ನಾನೇ ಹೇಳಿಕೊಂಡೆ. ಮುಂದಿನ ವಾರವೂ ಒಂದೇ ವಾರ ಎಂದೆ. ನಿಮ್ಮೆದುರು ಹಳೆಯ, ತಿದ್ದದ ಪ್ರತಿಯನ್ನೇ ಓಡಿಸಿ, ಅಂಚಿಗೆ ಹೋದ ಒತ್ತಕ್ಷರಗಳನ್ನು ತೋರಿಸಿ ತಲೆ ಕೆರೆದುಕೊಂಡೆ—ಅದೂ ನಾಟಕ. ಇದೇ ತೊಂದರೆ ಇದ್ದ ಬೇರೆ ಊರಿನವರೊಬ್ಬರು ನಮ್ಮ ಪುಟದಲ್ಲಿ ಕೇಳಿದಾಗ, ಹುಡುಕುತ್ತಿದ್ದೇನೆ ಎಂದು ಬರೆದೆ. ನಿಮ್ಮೊಬ್ಬರ ಭಾನುವಾರಕ್ಕಾಗಿ ಎಲ್ಲರನ್ನೂ ಕಾಯಿಸಿದೆ.

ದಸರಾ ಕಳೆದ ಮೇಲೆ ಬಂದಾಗ ನಿಮ್ಮ ಕೈಯಲ್ಲಿ ಮಂಡಕ್ಕಿ ಇರಲಿಲ್ಲ. "ಅಪ್ಪಗೆ ಅಕ್ಷರ ಕಾಣಾಕಿಲ್ಲ ರೀ ಈಗ. ನನ್ನನ್ನೂ ಧ್ವನಿ ಮೇಲೆ ಗುರ್ತು ಹಿಡೀತಾರೆ" ಎಂದಿರಿ. ನೀವೇ ನನಗೆ ಸಮಾಧಾನ ಹೇಳಿದಿರಿ—"ನೀವೇನು ಮಾಡಾಕಾಗ್ತೈತೆ ಬಿಡ್ರಿ. ನಿಮ್ಮ ಕೈಲಾದಷ್ಟು ಮಾಡೀರಿ."

ಮರುದಿನವೇ ಫೋನು ಮಾಡಿ, ಆಯಿತು ಎಂದೆ. ತಿದ್ದುಪಡಿಯನ್ನು ಎಲ್ಲರಿಗೂ ಸಿಗುವಂತೆ ನಮ್ಮ ಪುಟದಲ್ಲಿ ಹಾಕಿದೆ. ನಮ್ಮಲ್ಲಿ ಪ್ರತಿ ತಿದ್ದುಪಡಿಗೂ ಅದು ಹುಟ್ಟಿದ ದಿನ ಅಂಟಿಕೊಂಡಿರುತ್ತದೆ, ನಾನು ಅದನ್ನೂ ಬದಲಿಸಿದೆ. ಪಟ್ಟು ಬಿಡದ ಮನುಷ್ಯ ಎಂದು ಗೆಳೆಯರು ಹೊಗಳಿ ಬರೆದರು. ನೀವು ಪದಕೋಶವನ್ನು ಮೇಷ್ಟ್ರಿಗೆ ಗಟ್ಟಿಯಾಗಿ ಓದಿ ಹೇಳಿ, ಕಿವಿಗೆ ಸಿಕ್ಕಿದ ತಪ್ಪನ್ನಷ್ಟೇ ತಿದ್ದಿ, ಅಚ್ಚು ಹಾಕಿಸಿದಿರಿ. ಮುನ್ನುಡಿಯಲ್ಲಿ ನನ್ನ ಹೆಸರು ಬರೆಸಿದ್ದಾರೆ ಅವರು. ಆ ಪುಸ್ತಕ ನನ್ನ ಮೇಜಿನ ಮೇಲಿದೆ. ಅದರಲ್ಲಿ ಎಲ್ಲೆಲ್ಲಿ ತಪ್ಪು ಉಳಿದಿದೆಯೋ ನನಗೆ ತಿಳಿಯದು. ನೋಡಿದರೆ ತಿಳಿಯುತ್ತಿದ್ದವರು ಅವರೊಬ್ಬರೇ.

ನೀವು ಮತ್ತೆ ಬರಲಿಲ್ಲ. ಬರಲು ಕೆಲಸವೇನಿತ್ತು? ಭಾನುವಾರ ಈಗಲೂ ಅಂಗಡಿ ತೆರೆಯುತ್ತೇನೆ. ನೀವು ಬರುತ್ತಿದ್ದ ನ್ಯಾಮತಿಯ ಬಸ್ಸು ನಿಂತ ಸದ್ದಾದರೆ ಕೈಯಲ್ಲಿದ್ದ ಸ್ಕ್ರೂಡ್ರೈವರ್ ತಾನಾಗಿ ನಿಲ್ಲುತ್ತದೆ. ಯಾರೂ ಬರುವುದಿಲ್ಲ.

ಇವತ್ತು ನಮ್ಮ ಪುಟದಲ್ಲಿ ಆ ತಿದ್ದುಪಡಿಯ ಕೆಳಗೆ ನಿಜವಾದ ದಿನವನ್ನು ಬರೆದಿದ್ದೇನೆ, ತಡೆದಿಟ್ಟವನು ನಾನೆಂದೂ ಬರೆದಿದ್ದೇನೆ. ಅಲ್ಲಿಯವರು ಏನನ್ನುತ್ತಾರೋ ಅನ್ನಲಿ. ಮೇಷ್ಟ್ರ ಮುಂದೆ ಕೂತು ನನ್ನ ಬಾಯಿಂದಲೇ ಹೇಳಬೇಕು. ಆದರೆ ಬಸ್ಸು ಹತ್ತಲು ಹೋಗಿ ಎರಡು ಸಲ ತಿರುಗಿ ಬಂದೆ—ತಪ್ಪೊಪ್ಪಿಕೊಳ್ಳಲು ಹೊರಟಿದ್ದೇನೋ, ಆ ನೆಪದಲ್ಲಿ ನಿಮ್ಮನ್ನು ನೋಡಲು ಹೊರಟಿದ್ದೇನೋ, ನನಗೇ ನಂಬಿಕೆಯಿಲ್ಲ. ಅದಕ್ಕೇ ಮೊದಲು ಇದನ್ನು ಬರೆದೆ. ಅವರಿಗೂ ಓದಿ ಹೇಳಿ. ಬಾ ಎಂದು ಅವರು ಅಂದರೆ ಬರುತ್ತೇನೆ, ನೀವು ಶಾಲೆಗೆ ಹೋಗಿರುವ ಹೊತ್ತಿನಲ್ಲಿ. ಭಾನುವಾರ ಬರುವುದಿಲ್ಲ.