ಖಾಲಿ ಹಾಳೆಯ ಸಹಿ

ಕಳೆದ ವಾರ ಪಡೀಲ್‌ನ ನನ್ನ ಆಫೀಸಿಗೆ ಬಂದ ಕಕ್ಷಿದಾರರೊಬ್ಬರು ಮೂರು ಖಾಲಿ ಹಾಳೆಗಳ ಕೆಳತುದಿಯಲ್ಲಿ ಸಹಿ ಹಾಕಿ ಮೇಜಿನ ಮೇಲಿಟ್ಟರು. ಸಂಜೆ ಅವರಿಗೆ ದುಬೈ ವಿಮಾನ. "ಮೇಲೆ ಎಂತ ಬೇಕಾದ್ರೂ ಬರ್ಕೊಳ್ಳಿ ಮೇಡಂ. ನಾನು ಪುನಃ ಬರ್ಲಿಕ್ಕೆ ಎರಡು ವರ್ಷ ಉಂಟು," ಎಂದರು. ಆ ಹಾಳೆಗಳನ್ನು ಕಂಡದ್ದೇ ನನ್ನ ಸೀನಿಯರ್ ನೆನಪಾದರು...

ಕಪ್ಪು ಕೋಟು ತೊಟ್ಟ ಹೊಸತರಲ್ಲಿ ನಾನು ವಕೀಲಿ ಕಲಿತದ್ದು ಅವರ ಕೈಕೆಳಗೆ. ಗಲ್ಫಿಗೆ ಹೊರಟವರಿಂದ ಖಾಲಿ ಹಾಳೆಗೆ ಸಹಿ ಹಾಕಿಸಿ ಇಟ್ಟುಕೊಳ್ಳುವುದು ಅವರ ರೂಢಿ. ತಪ್ಪೆಂದು ನನಗೂ ಗೊತ್ತಿತ್ತು. ಸೀನಿಯರ್‌ಗೆ ಎದುರು ಮಾತಾಡುವಷ್ಟು ದೊಡ್ಡ ಜನ ನಾನಾಗಿರಲಿಲ್ಲ ಬಿಡಿ.

ಉಳ್ಳಾಲದವರೊಬ್ಬರು, ಗಂಡ ತೀರಿಹೋದ ತಂಗಿಯನ್ನು ಮನೆಯಿಂದ ಹೊರಹಾಕಿಸಬೇಕೆಂದು ನಮ್ಮ ಮೂಲಕ ದಾವೆ ಹಾಕಿ ಮಸ್ಕತ್‌ಗೆ ಹೋಗಿದ್ದರು. ಒಂದು ದಿನ ಆ ತಂಗಿ ಎರಡು ಮಕ್ಕಳ ಜೊತೆ ನಮ್ಮ ಆಫೀಸಿನ ಮೆಟ್ಟಿಲ ಮೇಲೆ ಕೂತಿದ್ದರು. ಎದುರು ಕಕ್ಷಿಯಾದ ಆಕೆಯ ಜೊತೆ ಸೀನಿಯರ್ ಮಾತಾಡಬಾರದಿತ್ತು. ಮಾತಾಡಿದರು. ಮರುದಿನ ಅಣ್ಣನ ಸಹಿಯಿದ್ದ ಹಾಳೆಯನ್ನು ನನಗೆ ಕೊಟ್ಟು, ದಾವೆ ಹಿಂದಕ್ಕೆ ಪಡೆಯುತ್ತಿದ್ದೇನೆ ಎಂದು ಟೈಪ್ ಮಾಡಿಸಿದರು.

"ಅವನಿಗೆ ನಾನು ಹೇಳ್ತೇನೆ. ಸಿಟ್ಟು ಇಳಿದ ಮೇಲೆ ಅವನೇ ಖುಷಿ ಪಡ್ತಾನೆ ನೋಡು."

ಹೇಳಲೇ ಇಲ್ಲ. ರಜೆಯಲ್ಲಿ ಬಂದ ಆ ಅಣ್ಣನಿಗೆ ವಿಷಯ ಗೊತ್ತಾದದ್ದು ಕೋರ್ಟಿನಲ್ಲಿ. ಅವರು ಸೀನಿಯರ್ ಮೇಲೆ ದೂರು ಕೊಟ್ಟರು. ಕೊಡದೆ ಇನ್ನೇನು ಮಾಡಿಯಾರು? ಮನೆ ಯಾರಿಗೆ ಎಂದು ತೀರ್ಮಾನಿಸುವುದು ವಕೀಲರ ಕೆಲಸವಲ್ಲ. ಕೋರ್ಟಿನ ಕ್ಯಾಂಟೀನಿನಲ್ಲಿ "ಮಾಡಿದ್ದುಣ್ಣೋ ಮಹರಾಯ" ಎಂದವರೇ ಹೆಚ್ಚು. ನನಗೆ ಮಾತ್ರ ಸೀನಿಯರ್ ಅವರ ವಕೀಲಿ ಸನ್ನದು ಹೇಗಾದರೂ ಉಳಿಯಬೇಕಿತ್ತು.

ವಕೀಲರ ಪರಿಷತ್ತಿನ ಶಿಸ್ತು ಸಮಿತಿಯ ಮುಂದೆ ಅವರ ಪರವಾಗಿ ಸಾಕ್ಷಿ ನಾನೊಬ್ಬಳೇ. ಬರಹ ಮೊದಲೋ ಸಹಿ ಮೊದಲೋ, ಪ್ರಶ್ನೆ ಅಷ್ಟೇ. "ಅವರು ಮಸ್ಕತ್‌ಗೆ ಹೋಗುವ ಮೊದಲೇ ಟೈಪ್ ಮಾಡಿದ್ದೆ. ಓದಿಯೇ ಸಹಿ ಹಾಕಿದರು," ಎಂದುಬಿಟ್ಟೆ, ಪ್ರಮಾಣ ಮಾಡಿದ ಬಾಯಿಯಲ್ಲೇ. ಯಾರೂ ಹೇಳಿಕೊಟ್ಟದ್ದಲ್ಲ.

ಸೀನಿಯರ್ ಎದ್ದು ನಿಂತರು. "ಅದನ್ನು ಬರ್ಕೊಳ್ಬೇಡಿ. ಸಹಿ ಮೊದಲೇ ಇತ್ತು. ಬರೆಸಿದವ ನಾನು." ಮತ್ತೆ ನನ್ನ ಕಡೆ ತಿರುಗಿ ಮೆಲ್ಲಗೆ, "ಎಂತ ಮಾರಾಯ್ತಿ, ನಾನು ನಿನಗೆ ಕಲಿಸಿದ್ದು ಇದಾ?" ಎಂದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಎರಡು ವರ್ಷ ಸನ್ನದು ಅಮಾನತಾಯಿತು. ಯಾರಾದರೂ ಕಾಗದಪತ್ರ ಹಿಡಿದು ಬಿಕರ್ನಕಟ್ಟೆಯ ಅವರ ಮನೆಗೆ ಹೋದರೆ, "ಸನ್ನದು ಬರುವವರೆಗೆ ನನಗೆ ಓದ್ಲಿಕ್ಕೆ ಇಲ್ಲ," ಎಂದು ನನ್ನ ಬಳಿಗೆ ಕಳುಹಿಸುತ್ತಿದ್ದರು. ಮದುವೆಯ ಆಮಂತ್ರಣವನ್ನೂ ಓದುವುದಿಲ್ಲ ಎಂದು ಅವರ ಹೆಂಡತಿ ಗೊಣಗುತ್ತಿದ್ದರು. ಅವಧಿ ಮುಗಿಯಲು ಒಂದು ತಿಂಗಳಿರುವಾಗ ಸೀನಿಯರ್ ತೀರಿಕೊಂಡರು... ಕೋಟನ್ನು ಇಸ್ತ್ರಿ ಮಾಡಿಸಿ ಇಟ್ಟಿದ್ದರಂತೆ.

ಕಳೆದ ವಾರದ ಆ ಮೂರು ಹಾಳೆಗಳನ್ನು ಕಕ್ಷಿದಾರರ ಎದುರೇ ಹರಿದೆ. ಅವರು ಗಾಬರಿಯಾದರು. "ನನಗೆ ನಿಮ್ಮ ಮೇಲೆ ನಂಬಿಕೆ ಉಂಟಲ್ಲ ಮೇಡಂ!"

"ನನಗೆ ಇಲ್ಲ," ಎಂದೆ. ಬೇಕಾದ ಅರ್ಜಿಯನ್ನು ಆಗಲೇ ಟೈಪ್ ಮಾಡಿ, ಪೂರ್ತಿ ಓದಿಸಿ ಸಹಿ ಹಾಕಿಸಿದೆ. ಗಡಿಯಾರ ನೋಡಿಕೊಳ್ಳುತ್ತಲೇ ಓದಿದರು, ಪಾಪ.

ಆ ದಿನದ ಸುಳ್ಳಿಗೆ ನಾನು ಸೀನಿಯರ್ ಬಳಿ ಕ್ಷಮೆ ಕೇಳಲೇ ಇಲ್ಲ. ಅವರು ಪುನಃ ಕೋಟು ತೊಟ್ಟು ಬರುವ ದಿನ ಕೇಳೋಣ ಎಂದುಕೊಂಡಿದ್ದೆ.