ಯಾವ ಸಾರಿ, ಡಾಕ್ಟರ್?

ಧಾರವಾಡ ಬಿಟ್ಟು ಲಂಡನ್ನಿನ ಆಸ್ಪತ್ರೆಗಳಲ್ಲಿ ಕೆಲಸಕ್ಕೆ ನಿಂತು ಹದಿನಾರು ವರ್ಷಗಳಾದವು. ಸಾವಿನ ಸುದ್ದಿಯನ್ನು ಮನೆಯವರಿಗೆ ತಿಳಿಸುವ ಕ್ರಮ ನನಗೆ ರೂಢಿಯಾಗಿಹೋಗಿದೆ. ನಿಂತು ಹೇಳಬಾರದು, ಕೂತು ಹೇಳಬೇಕು. ‘ತೀರಿಕೊಂಡರು’ ಎಂಬುದನ್ನು ಸುತ್ತಿ ಬಳಸದೆ ಹೇಳಬೇಕು. ಆಮೇಲೆ ‘ಐ ಆಮ್ ಸೋ ಸಾರಿ’ ಅನ್ನಬೇಕು. ಆ ದಿನವೂ ಹಾಗೆಯೇ ಅಂದೆ.

ತೀರಿಕೊಂಡವರು ಫಿನ್‌ಲ್ಯಾಂಡಿನ ಹೆಂಗಸು, ನಲವತ್ತು ದಾಟಿ ಒಂದೆರಡು ವರ್ಷ ಆಗಿರಬೇಕು. ಬೆಳಿಗ್ಗೆ ಆಂಬ್ಯುಲೆನ್ಸಿನಲ್ಲಿ ಬಂದಾಗಲೇ ಪ್ರಜ್ಞೆ ಇರಲಿಲ್ಲ. ಮೆದುಳಿನಲ್ಲಿ ರಕ್ತಸ್ರಾವ. ಮಧ್ಯಾಹ್ನ ಮೂರರ ಹೊತ್ತಿಗೆ ಎಲ್ಲ ಮುಗಿಯಿತು. ಗಂಡ ಇಂಗ್ಲೆಂಡಿನವರು, ಗ್ರೀನ್‌ಫರ್ಡ್‌ನ ಒಂದು ಗೋದಾಮಿನಲ್ಲಿ ಕೆಲಸ. ಹೊಳೆಯುವ ಹಳದಿ ಜಾಕೀಟಿನಲ್ಲೇ ಓಡಿಬಂದಿದ್ದರು. ಪಕ್ಕದಲ್ಲಿ ಅವರ ಅತ್ತೆ ಕೂತಿದ್ದರು. ಮಗಳ ಜೊತೆ ಹದಿನೈದು ದಿನ ಇದ್ದುಹೋಗಲು ಬಂದಿದ್ದ ಆ ಮುದುಕಿಗೆ ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ.

ದುಭಾಷಿಯನ್ನು ಫೋನಿನಲ್ಲಿ ಕರೆಸಬೇಕು ಎಂಬ ನಿಯಮ ನನಗೆ ಗೊತ್ತಿತ್ತು. ಗಂಡ, “ಬೇಡ, ನಾನೇ ಹೇಳ್ತೀನಿ. ನನಗೆ ಸ್ವಲ್ಪ ಫಿನ್ನಿಶ್ ಬರುತ್ತೆ,” ಅಂದರು. ಒಪ್ಪಿಕೊಂಡೆ. ಸಾವಿನ ಮಾತನ್ನು ಅವರು ಹೇಗೋ ಹೇಳಿದರು. ಆ ತಾಯಿ ಅಳಲಿಲ್ಲ. ನನ್ನ ಕಡೆ ತಿರುಗಿದರು. ನಾನು ಅವರ ಕೈ ಹಿಡಿದು ಸಾರಿ ಅಂದೆ. ಅಳಿಯ ಅದನ್ನೂ ಅವರ ಭಾಷೆಯಲ್ಲಿ ಹೇಳಿದರು.

ಮುದುಕಿಯ ಮುಖ ಬದಲಾಯಿತು. ನನ್ನ ಕೈಯಲ್ಲಿದ್ದ ತಮ್ಮ ಕೈಯನ್ನು ಹಿಂದೆಳೆದುಕೊಂಡು ಏನೋ ಕೇಳಿದರು. ಅಳಿಯ ಅನುವಾದಿಸಲು ಹಿಂಜರಿದರು. ಕೊನೆಗೆ ನೆಲ ನೋಡುತ್ತಾ, “ನೀವು ಏನು ಮಾಡಿದಿರಿ ಅಂತ ಕೇಳ್ತಿದಾರೆ,” ಅಂದರು.

ತಪ್ಪು ಮಾಡಿ ಕೇಳುವ ಕ್ಷಮೆಯ ಮಾತನ್ನು ಅಳಿಯ ಬಳಸಿಬಿಟ್ಟಿದ್ದರು. ಮನೆಯಲ್ಲಿ ಹೆಂಡತಿಯ ಕಾಲು ತುಳಿದಾಗ, ಬರುವುದು ತಡವಾದಾಗ ಅನ್ನುತ್ತಿದ್ದ ಮಾತು ಅದೊಂದೇ ತನಗೆ ಗೊತ್ತಿದ್ದದ್ದು ಎಂದರು. ನಾನು ಹಾಗಲ್ಲ, ಹಾಗಲ್ಲ ಅಂದೆ. ಅಳಿಯ ಅತ್ತೆಗೆ ಮತ್ತೇನೋ ಹೇಳಲು ಹೋಗಿ ಬಿಕ್ಕಿ ಬಿಕ್ಕಿ ಅತ್ತರು. ಅಷ್ಟರಲ್ಲಿ ಇನ್ನೊಂದು ವಾರ್ಡಿನಿಂದ ನನಗೆ ತುರ್ತು ಕರೆ ಬಂತು. ಹೋಗಲೇಬೇಕಿತ್ತು, ಹೋದೆ. ಮರಳಿ ಬಂದಾಗ ಇಬ್ಬರೂ ಹೊರಟುಹೋಗಿದ್ದರು.

ಸಂಜೆ ಕಿಂಗ್ಸ್‌ಬರಿಯ ಮನೆಯಲ್ಲಿ ಚಹಾದ ಲೋಟ ಹಿಡಿದು ಕೂತಾಗ, ನನ್ನ ಜೊತೆಯಲ್ಲೇ ಇರುವ ಅವ್ವನಿಗೆ ನಡೆದದ್ದನ್ನು ಹೇಳಿದೆ.

“ಸಾರಿ ಅಂತ ಯಾಕಂದಿ?” ಅವ್ವ ಕೇಳಿದಳು. “ಸತ್ತ ಮನ್ಯಾಗ ಯಾರರ ತಪ್ಪಾತು ಅಂತಾರೇನ?”

“ಇಲ್ಲಿ ಹಂಗ ಅಂತಾರವ್ವಾ. ದುಃಖ ಆತು ಅಂತ ಅದರ ಅರ್ಥ.”

“ನಮ್ಮ ಕಡೆ ಮಾತಾಡ್ಸಾಕ ಹೋಗೋದು ಅಂತೀವಿ, ಹೋಗಿ ಸುಮ್ನ ಬಾಜೂಕ ಕೂತು ಬರ್ತೀವಿ. ಆಕಿ ಮಗಳನ್ನ ಕಳಕೊಂಡಾಳ. ನಾಳೆ ಸಿಕ್ರ ಸರಿ ಮಾಡು.”

ಮರುದಿನ ಮರಣ ಪ್ರಮಾಣಪತ್ರದ ವಿಷಯಕ್ಕೆ ಇಬ್ಬರೂ ಬರುವವರಿದ್ದರು. ನಾನು ಮೊದಲೇ ಫಿನ್ನಿಶ್ ದುಭಾಷಿಯನ್ನು ಗೊತ್ತುಮಾಡಿಟ್ಟೆ. ಅವರು ಬರುವ ಮುಂಚೆ ಆ ದುಭಾಷಿ ಹೆಂಗಸಿಗೆ ಫೋನಿನಲ್ಲಿ ಎಲ್ಲ ವಿವರಿಸಿದೆ. ಆಕೆ ಕೇಳಿದರು: “ಯಾವ ಸಾರಿ, ಡಾಕ್ಟರ್? ನಿಮ್ಮಿಂದ ತಪ್ಪಾಗಿದ್ದರೆ ಆಂತೇಕ್ಸಿ. ಅವರ ಸಾವಿಗೆ ಸಂತಾಪ ಹೇಳುವುದಾದರೆ ಬೇರೆ ಇದೆ. ಒತಾನ್ ಓಸಾ. ನಾನೊಂದು ಪಾಲು ತೆಗೆದುಕೊಳ್ಳುತ್ತೇನೆ ಅಂತ.”

ನಿಮ್ಮ ದುಃಖದಲ್ಲಿ ನಾನೂ ಭಾಗಿ ಎಂದು ನಮ್ಮೂರಲ್ಲಿ ಕಾಗದ ಬರೆಯುತ್ತಿದ್ದದ್ದು ನೆನಪಾಯಿತು. ಇಷ್ಟು ವರ್ಷ ಇಂಗ್ಲಿಷಿನಲ್ಲಿ ಹೇಳಿದ್ದರಲ್ಲಿ ಈ ಪಾಲು ಎಂಬುದು ಇರಲೇ ಇಲ್ಲ. ಆ ಎರಡು ಪದಗಳನ್ನು ಆಕೆಯಿಂದ ಮೂರು ನಾಲ್ಕು ಸಲ ಹೇಳಿಸಿಕೊಂಡು ಕಲಿತೆ.

ಅವರು ಬಂದು ಕೂತರು. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ. ಮುದುಕಿಯ ಎದುರು ಕೂತು, “ಒತಾನ್ ಓಸಾ,” ಅಂದೆ. ಅವರು ನನ್ನನ್ನೇ ನೋಡಿದರು. ನಿನ್ನೆಯ ಮಾತಿನ ಅರ್ಥ ಇದೇ ಆಗಿತ್ತು, ಚಿಕಿತ್ಸೆಯಲ್ಲಿ ತಪ್ಪೇನೂ ಆಗಿಲ್ಲ ಎಂದು ದುಭಾಷಿ ತಿಳಿಸಿದರು.

ಅವರಿಗೆ ಸಮಾಧಾನವಾದೀತು ಅಂದುಕೊಂಡಿದ್ದೆ. ಮುದುಕಿ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಕೈ ತೆಗೆದು ಮಾತಾಡಿದರು. ಒಂದೊಂದೇ ವಾಕ್ಯ ಫೋನಿನಿಂದ ಇಂಗ್ಲಿಷಾಗಿ ಬರತೊಡಗಿತು.

“ಬೆಳಿಗ್ಗೆ ತಲೆನೋವು ಅಂದಳು. ಮಲಗು ಅಂದೆ. ಕಾಫಿ ಮಾಡಿದೆ. ನಿದ್ದೆ ಮಾಡಲಿ ಅಂತ ಎಬ್ಬಿಸಲಿಲ್ಲ. ಅರ್ಧ ಗಂಟೆ ಬಿಟ್ಟು ಹೋಗಿ ನೋಡಿದೆ, ಅಲುಗಿಸಿದರೂ ಏಳಲಿಲ್ಲ. ಆಮೇಲೆ ಅಳಿಯನಿಗೆ ಫೋನ್ ಮಾಡಿದೆ.” ನನ್ನ ಕಡೆ ನೋಡಿ, “ನಿನ್ನೆ ಡಾಕ್ಟರು ಕ್ಷಮೆ ಕೇಳಿದರು ಅಂದಾಗ, ಹಾಗಾದರೆ ತಪ್ಪು ನನ್ನದಲ್ಲ ಅಂದುಕೊಂಡೆ. ನಿನ್ನೆ ರಾತ್ರಿ ನಿದ್ದೆ ಬಂತು.”

ಅಳಿಯ ಈ ಅರ್ಧ ಗಂಟೆಯ ಸಂಗತಿಯನ್ನು ಮೊದಲ ಸಲ ಕೇಳುತ್ತಿದ್ದರು. ಅವರ ಕೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು.

ನಾನು ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದೆ. “ಸ್ಕ್ಯಾನನ್ನು ನಾನೇ ನೋಡಿದ್ದೇನೆ. ರಕ್ತಸ್ರಾವ ಬಹಳ ದೊಡ್ಡದು, ಬಹಳ ಆಳದಲ್ಲಿ ಆಗಿತ್ತು. ಯಾವ ಶಸ್ತ್ರಚಿಕಿತ್ಸೆಯೂ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಅರ್ಧ ಗಂಟೆ ಮೊದಲು ಕರೆತಂದಿದ್ದರೂ ನಿಮ್ಮ ಮಗಳು ಉಳಿಯುತ್ತಿರಲಿಲ್ಲ.” ಇಂಥ ಮಾತಿಗೆ ‘ಬಹುಶಃ’ ಎಂದು ಸೇರಿಸುವುದು ನಮ್ಮ ವೃತ್ತಿಯ ಅಭ್ಯಾಸ. ನಾನು ಸೇರಿಸಲಿಲ್ಲ. ಅದು ಸರಿಯೋ ಎಂದು ಈಗಲೂ ಕೆಲವೊಮ್ಮೆ ಕೇಳಿಕೊಳ್ಳುತ್ತೇನೆ. ಆದರೆ ಇನ್ನೊಮ್ಮೆ ಆ ಕೋಣೆಯಲ್ಲಿ ಕೂತರೂ ಹಾಗೆಯೇ ಹೇಳುತ್ತೇನೆ.

ದುಭಾಷಿ ಹೇಳಿ ಮುಗಿಸಿದ ಮೇಲೆ ಅಳಿಯ ಕುರ್ಚಿಯಿಂದೆದ್ದು ಅತ್ತೆಯ ಮುಂದೆ ಮಂಡಿಯೂರಿ ಕೂತರು. ತಮ್ಮ ಹರಕುಮುರುಕು ಫಿನ್ನಿಶ್‌ನಲ್ಲಿ ಏನೋ ಹೇಳಿದರು. ಮುದುಕಿ ಅವರ ತಲೆಯ ಮೇಲೆ ಕೈಯಿಟ್ಟರು. ದುಭಾಷಿ ಅದನ್ನು ಅನುವಾದಿಸಲಿಲ್ಲ. ನಾನೂ ಕೇಳಲಿಲ್ಲ.

ಹೊರಡುವಾಗ ಅತ್ತೆಯನ್ನು ಲಿಫ್ಟಿನ ಹತ್ತಿರ ಕೂರಿಸಿ ಅಳಿಯ ಒಬ್ಬರೇ ವಾಪಸು ಬಂದರು. “ನೀವು ಈಗ ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಡ್ತೀರಾ? ಊರಿಗೆ ಹೋದ ಮೇಲೆ ಮತ್ತೆ ಅದೇ ಯೋಚನೆ ಶುರುವಾಗುತ್ತೆ ಅವರಿಗೆ. ಯಾರಿಂದಾದರೂ ಫಿನ್ನಿಶ್ ಮಾಡಿಸಿ ಕೊಡ್ತೀನಿ.” ಅಲ್ಲೇ ನಿಂತು, ಆದಷ್ಟು ಸರಳವಾಗಿ, ನಾಲ್ಕು ವಾಕ್ಯ ಬರೆದು ಸಹಿ ಹಾಕಿದೆ. ಅವರು ಎರಡು ಸಲ ಓದಿ, ಮಡಚಿ, ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ಲಿಫ್ಟಿನ ಕಡೆ ನಡೆದರು.