ವೈನಿಯ ಕಿಟಕಿಯ ಏಳನೆಯ ಸರಳು

ಬೆಳಿಗ್ಗೆಯಿಂದ ಓಣಿಯಲ್ಲಿ ಅಗಸೆ ಎಣ್ಣೆಯ ವಾಸನೆ. ಯಾರೋ ಹೊಸ ಕಟ್ಟಿಗೆಗೆ ಎಣ್ಣೆ ಕುಡಿಸುತ್ತಿದ್ದಾರೆ. ನಿಮಗದು ಒಳ್ಳೆಯ ವಾಸನೆ ಅನ್ನಿಸಬಹುದು. ಒಂದು ಕಾಲಕ್ಕೆ ನನಗೂ ಹಾಗೇ ಇತ್ತು. ಈಗ ಮೂಗಿಗೆ ಬಡಿದರೆ ವೈನಿ ನೆನಪಾಗುತ್ತಾರೆ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ, ಶಾಂತಮ್ಮ. ಅಣ್ಣ ತೀರಿಕೊಂಡ ಮೇಲೂ ಬಸವಕಲ್ಯಾಣದ ನಮ್ಮ ಹಳೆಯ ಮನೆಯಲ್ಲಿ ನಮ್ಮ ಜೊತೆಗೇ ಇದ್ದರು. ಕೋಟೆಗೆ ಹತ್ತಿರದ ಕಲ್ಲಿನ ಮನೆ. ಬೀದಿಯಿಂದ ಐದು ಮೆಟ್ಟಿಲು ಹತ್ತಬೇಕು. ವೈನಿಯ ಎಡಗಾಲು ಚಿಕ್ಕಂದಿನಿಂದಲೂ ಸ್ವಾಧೀನದಲ್ಲಿ ಇರಲಿಲ್ಲ. ಅದಕ್ಕೇ ಮುಂದಿನ ಕೋಣೆಯ ತಗ್ಗು ಕಿಟಕಿಯೇ ಅವರ ಅಂಗಡಿ. ಒಳಗೆ ಕೂತು ಜೋಳದ ಖಡಕ್ ರೊಟ್ಟಿ ಬಡಿಯುವರು, ಬೀದಿಯಲ್ಲಿ ನಿಂತವರಿಗೆ ಕಿಟಕಿಯಿಂದಲೇ ಕೊಡುವರು. ಸರಳುಗಳ ಸಂದಿಯಲ್ಲಿ ಮೂರು ಬೆರಳಷ್ಟೇ ಹಾಯುತ್ತಿದ್ದವು. ರೊಟ್ಟಿಯ ಕಟ್ಟು ಹಿಡಿದ ಕೈ ಹಾಯಲೆಂದು ಅಣ್ಣ ಏಳು ಸರಳುಗಳಲ್ಲಿ ನಡುವಿನದನ್ನು ಕಿತ್ತು ಹಾಕಿದ್ದ. ರೊಟ್ಟಿಗೆ ಬಂದ ಹೆಂಗಸರು ಅರ್ಧ ತಾಸು ನಿಂತು ತಮ್ಮ ಮನೆಯ ಸುಖದುಃಖವನ್ನೆಲ್ಲ ಆ ಸಂದಿಯಲ್ಲಿ ಸುರಿದು ಹೋಗುತ್ತಿದ್ದರು.

ನಾನು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೆಟ್ಟಿಲಿಳಿಯುವಾಗ, ನನ್ನ ವಿದ್ಯಾರ್ಥಿಗಳ ತಾಯಂದಿರು ನಮ್ಮ ಕಿಟಕಿಗೆ ಕೈಯೊಡ್ಡಿ ನಿಂತಿರುವುದು ನನಗೆ ಹಿಡಿಸುತ್ತಿರಲಿಲ್ಲ. ಬಾಯಿಬಿಟ್ಟು ಹೇಳಿದವನಲ್ಲ. ಹೇಳದೇ ಇರುವುದನ್ನೇ ದೊಡ್ಡತನ ಅಂದುಕೊಂಡಿದ್ದೆ.

ಕಿಟಕಿಗೆ ಗೆದ್ದಲು ಹಿಡಿದಿತ್ತು. ಒಂದು ದಿನ ಅದರ ಕದ ಕಳಚಿ ಬೀದಿಗೇ ಬಿತ್ತು. ಹುಮನಾಬಾದಿಗೆ ಹೋಗಿ ಅಂಗಡಿಯೊಂದರಲ್ಲಿ ಅಲ್ಯೂಮಿನಿಯಂ ಕಿಟಕಿ ನೋಡಿದೆ. ಬೆರಳಿನಿಂದ ನೂಕಿದರೆ ನೀರಿನ ಮೇಲಿನ ದೋಣಿಯಂತೆ ಸರಿಯುತ್ತಿತ್ತು. ಅಂಗಡಿಯವನು ಬೇಸತ್ತು ಒಳಗೆ ಹೋಗುವವರೆಗೂ ಅದನ್ನು ಅತ್ತಿಂದಿತ್ತ ಸರಿಸುತ್ತ ನಿಂತಿದ್ದೆ. ಆದರೆ ನಮ್ಮದು ಸಂರಕ್ಷಿತ ಮನೆಗಳ ಪಟ್ಟಿಯಲ್ಲಿತ್ತು. ಕಟ್ಟಿಗೆಯದೇ ಆಗಬೇಕು, ಮೊದಲಿದ್ದಂತೆಯೇ ಇರಬೇಕು ಎಂದರು ಕಚೇರಿಯವರು. ಅರ್ಜಿಯ ನಮೂನೆ ಕೊಟ್ಟ ಗುಮಾಸ್ತ ಒಳ್ಳೆಯವನು. ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಮನಿಯವರ ಬಳಕಿಗಿ ಏನರ ಫರಕ ಬೇಕಂದ್ರ ಇಲ್ಲಿ ಬರೀರಿ ಸರ್, ನೋಡೂಣು" ಎಂದ.

ನಾನು ಆ ಸಾಲನ್ನು ಖಾಲಿ ಬಿಟ್ಟೆ. ಏನೇನು ಹಾಳಾಗಿದೆ ಎಂಬ ಸಾಲಿನಲ್ಲಿ ಮಾತ್ರ ದುಂಡಗೆ ಬರೆದೆ: ನಡುವಿನ ಒಂದು ಸರಳು ಇಲ್ಲ.

ಒಪ್ಪಿಗೆ ಬಂತು. ಹುಮನಾಬಾದಿನ ಬಡಿಗ ಮಾನಪ್ಪ ಅಳತೆಗೆ ಬಂದ. ವಯಸ್ಸಾದವನು, ಹಳೆಯ ಚೌಕಟ್ಟನ್ನು ರೋಗಿಯ ಮೈ ಮುಟ್ಟಿದಂತೆ ಮುಟ್ಟಿ ನೋಡಿದ. ಸರಳಿಲ್ಲದ ಕಡೆ ಅವನ ಕೈ ನಿಂತಿತು.

"ಇಲ್ಲಿ ಕಟಗಿ ನುಣ್ಣಗ ಸವದಾದ್ರಿ. ದಿನಾ ಯಾರೋ ಕೈ ಹಾಯ್ಸ್ಯಾರ. ಈ ಸಂದು ಹಂಗೇ ಬಿಡ್ಲೇನ್ರಿ?"

"ಕಾಗದದಾಗ ಹ್ಯಾಂಗ ಅದ ಹಂಗ ಮಾಡು" ಎಂದೆ.

ಕಿಟಕಿ ಬಂತು. ಹುಮನಾಬಾದಿನಲ್ಲಿ ಕೆಡವಿದ ಯಾವುದೋ ವಾಡೆಯ ಸಾಗವಾನಿ, ಅಗಸೆ ಎಣ್ಣೆ ಕುಡಿದು ಮಿರಮಿರ ಮಿಂಚುತ್ತಿತ್ತು. ಏಳು ಸರಳು. ವೈನಿ ಕೈಯಿಟ್ಟು ನೋಡಿದರು. ಬೆರಳ ಗೆಣ್ಣಿಗೆ ಕೈ ನಿಂತಿತು. "ಚಲೋ ಆಗ್ಯಾದ್ರಿ" ಎಂದರು. ಸರಳಿನ ಮಾತು ಎತ್ತಿದವನು ನಾನೇ: ಕಚೇರಿಯವರು ಒಪ್ಪಲಿಲ್ಲ, ಏನು ಮಾಡುವುದು ಎಂದೆ. ವೈನಿ ತಲೆಯಾಡಿಸಿದರು.

ಮರುವಾರದಿಂದ ಅವರು ಬಾಗಿಲ ಹೊರಗೆ ಮೇಲಿನ ಮೆಟ್ಟಿಲ ಮೇಲೆ ಬುಟ್ಟಿ ಇಟ್ಟುಕೊಂಡು ಕೂತರು. ಬೇಸಿಗೆಯ ಬಿಸಿಲು. ನಾಲ್ಕು ದಿನ ನೋಡಿ ತಾವೇ ಬಿಡುತ್ತಾರೆ ಅಂದುಕೊಂಡೆ. ಅವರು ಬಿಡಲಿಲ್ಲ. ಒಂದು ಮಧ್ಯಾಹ್ನ ಬುಟ್ಟಿ ಹಿಡಿದು ಏಳಲು ಹೋಗಿ ಐದೂ ಮೆಟ್ಟಿಲು ಉರುಳಿದರು. ಟೊಂಕದ ಎಲುಬು ಮುರಿದಿತ್ತು. ಆಸ್ಪತ್ರೆಯಿಂದ ಮನೆಗೆ ಬಂದವರು ಮತ್ತೆ ಏಳಲಿಲ್ಲ. ಬೆನ್ನಿಗೆ ಹುಣ್ಣಾಯಿತು, ಹೊರಳಿಸಿದರೆ ಹಲ್ಲು ಕಚ್ಚಿಕೊಳ್ಳುತ್ತಿದ್ದರು, ಕೂಗುತ್ತಿರಲಿಲ್ಲ. ಹಾಸಿಗೆಯನ್ನು ಕಿಟಕಿಯ ಹತ್ತಿರ ಹಾಕಿಸಿಕೊಂಡಿದ್ದರು. ಹೆಂಗಸರು ಬಂದು ಹೊರಗೆ ನಿಂತು ಸರಳುಗಳ ನಡುವೆ ಬೆರಳು ತೂರಿಸುತ್ತಿದ್ದರು. ವೈನಿ ಆ ಬೆರಳುಗಳನ್ನು ಹಿಡಿದು ಮಲಗಿರುತ್ತಿದ್ದರು. ದಸರೆಯ ಮೊದಲೇ ಹೋದರು.

ಸರಳಿನ ಮಾತು ಬಂದಾಗಲೆಲ್ಲ ಅರ್ಜಿಯಲ್ಲಿ ಕೇಳುವುದು ಹೊಳೆಯಲಿಲ್ಲ, ಮರೆತುಬಿಟ್ಟೆ ಎಂದು ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ. ಬರೆಯುವಾಗ ಪೆನ್ನು ಆ ಖಾಲಿ ಸಾಲಿನ ಮೇಲೆ ಸ್ವಲ್ಪ ಹೊತ್ತು ನಿಂತಿತ್ತು.

ಹೋದ ವಾರ ವೈನಿಯ ಮಗಳು ಸುನಂದಾ ಹುಮನಾಬಾದಿನ ಗಂಡನ ಮನೆಯಿಂದ ಬಂದಿದ್ದಳು. ಕಿಟಕಿ ನೋಡುತ್ತ, ನನ್ನ ಕಡೆ ತಿರುಗದೆ, ಕಚೇರಿಯವರನ್ನು ಶಪಿಸತೊಡಗಿದಳು. ಕೇಳಲಾಗಲಿಲ್ಲ. ಸರಳು ಇಲ್ಲವೆಂದು ಬರೆದವನು ನಾನೇ, ಅವರು ಬಿಡುತ್ತಿದ್ದರೇನೋ, ನಾನು ಕೇಳಲೇ ಇಲ್ಲ ಎಂದು ಹೇಳಿಬಿಟ್ಟೆ. ಬೈಯುತ್ತಾಳೆಂದು ಕಾದೆ.

"ಅವ್ವಗ ಗೊತ್ತಿತ್ತರಿ ಕಾಕಾ" ಎಂದಳು. "ಬಡಿಗ್ಯಾ ಸಂದು ಬಿಡ್ಲೇನು ಅಂತ ಕೇಳಿದಾಗ ಆಕಿ ಒಳಗ ಹಿಟ್ಟು ನಾದಾಕತ್ತಿದ್ಳಂತ. ನಿಮ್ಮ ಮಾತೂ ಕೇಳ್ಸಿತ್ತಂತ."

ಮತ್ತೆ ಯಾಕೆ ಒಂದು ಮಾತೂ ಆಡಲಿಲ್ಲ ಎಂದೆ.

"ನಿಮ್ಮ ಮನ್ಯಾಗ ಇರಬೇಕಿತ್ತಲ್ರಿ."

ಅದು ಅಣ್ಣನ ಮನೆ, ವೈನಿಯ ಮನೆ. ಇಪ್ಪತ್ತು ವರ್ಷ ಒಂದೇ ಸೂರಿನಡಿ ಇದ್ದೂ ಅವರಿಗೆ ಅದು ತಮ್ಮ ಮನೆ ಅನ್ನಿಸಿರಲಿಲ್ಲ.

ಕೋಟೆ ನೋಡಲು ಬಂದವರು ಕಿಟಕಿಯ ಮುಂದೆ ನಿಂತು ಫೋಟೊ ತೆಗೆಯುತ್ತಾರೆ. ಎಷ್ಟು ಚೆನ್ನಾಗಿ ಉಳಿಸಿದ್ದಾರೆ ಎಂದು ಮಾತಾಡಿಕೊಳ್ಳುತ್ತಾರೆ. ಮೊದಲೆಲ್ಲ ಎದ್ದು ಹೋಗಿ ಸಾಗವಾನಿಯ ಕತೆ ಹೇಳುತ್ತಿದ್ದೆ. ಈಗ ಅವರು ಹೋಗುವವರೆಗೆ ಒಳಗೇ ಕೂತಿರುತ್ತೇನೆ.